ಕುರ್ಚಿ ಮಲಗಿದ್ದ ಹೆರಿಗೆಮನೆ

ಹಾನಗಲ್ಲಿನಲ್ಲಿ ಮೂವತ್ತು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದ ಭರಮವ್ವನಿಗೆ ರಾಜಕಾರಣದ ಗೊಡವೆಯೇ ಇರಲಿಲ್ಲ. ಎಲ್ಲ ಓಣಿಗಳಲ್ಲೂ ಅವಳ ಕೈಯಲ್ಲಿ ಹುಟ್ಟಿದವರೇ ಓಡಾಡುತ್ತಿದ್ದರು; ಯಾರ ಮನೆಗೆ ಹೋದರೂ ಕಂಬಳಿ ಹಾಸಿ ಕೂಡಿಸುತ್ತಿದ್ದರು. ಆದರೆ ಕೂಸು ಅಡ್ಡಾದರೆ, ನೆತ್ತರು ನಿಲ್ಲದಿದ್ದರೆ, ತನ್ನ ಕೈ ಸಾಲದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಥವರನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಹಾವೇರಿ ದವಾಖಾನೆಗೆ ಹೊಡೆಯಬೇಕು. ಇಪ್ಪತ್ತು ಮೈಲಿ ದಾರಿ, ನಡುವೆ ವರದಾ ಹೊಳೆ. ಎಷ್ಟೋ ಮಂದಿ ಹೊಳೆ ಕಾಣುವ ಮೊದಲೇ ಕಣ್ಣು ಮುಚ್ಚುತ್ತಿದ್ದರು. ಕಲಿತ ನರ್ಸಬಾಯಿಯೊಬ್ಬಳು ಊರಲ್ಲೇ ಇರಬೇಕು ಎಂದು ಭರಮವ್ವ ಕಂಡಕಂಡವರ ಮುಂದೆ ಹೇಳಿ ಹೇಳಿ ದಣಿದಿದ್ದಳು. ಕಿವಿಗೊಟ್ಟವನು ಒಬ್ಬನೇ, ವಕೀಲ ಮೈಲಾರಲಿಂಗಪ್ಪ.

ಅವನು ಆಗ ಊರ ಮುನ್ಸಿಪಾಲ್ಟಿಯ ಅಧ್ಯಕ್ಷ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ೧೯೩೭ರಲ್ಲಿ ಮುಂಬೈ ಸಭೆಯ ಚುನಾವಣೆಗೆ ನಿಂತ. ಆ ಸಲ ಕೆಲವು ಹೆಂಗಸರಿಗೂ ಮತ ಬಂದಿತ್ತು. ಗಂಡಸರ ಮತ ಮೂರು ದಾರಿಯಾಗಿ ಒಡೆದುಹೋಗುವುದು ಖಾತ್ರಿಯಾದಾಗ, ಭರಮವ್ವನ ಮನೆಯ ಕಟ್ಟೆಗೆ ತಾನಾಗಿ ಬಂದು ಕೂತ.

"ಭರಮವ್ವಾ, ನಿನ್ನ ಮಾತಂದ್ರ ಹೆಣಮಕ್ಕಳು ಕೇಳ್ತಾರ. ನಾ ಆರಿಸಿ ಬಂದ್ರ ಹೆರಿಗಿಮನಿ ಕಟ್ಟಸ್ತೇನಿ, ನರ್ಸ್‌ನೂ ತರಸ್ತೇನಿ. ಲಿಂಗ ಮುಟ್ಟಿ ಹೇಳ್ತೇನಿ," ಎಂದ. ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿಯೂ ಮುಟ್ಟಿದ.

ಭರಮವ್ವ ನಂಬಿದಳು. ಲಿಂಗ ಮುಟ್ಟಿ ಆಡಿದ ಮಾತನ್ನು ನಂಬದಿದ್ದರೆ ಇನ್ನಾವುದನ್ನು ನಂಬಬೇಕು? ಓಣಿ ಓಣಿ ತಿರುಗಿ ಹೆಂಗಸರನ್ನು ಹೊರಡಿಸಿದಳು. ಮತ ಹಾಕುವಲ್ಲಿ ಬೇರೆಯೇ ಫಜೀತಿ ಕಾದಿತ್ತು. ಗುರುತಿಗಾಗಿ ಗಂಡನ ಹೆಸರು ಹೇಳಬೇಕಂತೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಈ ಸೀಮೆಯಲ್ಲಿ ಎಲ್ಲಿದ್ದಾಳೆ? ಸೆರಗು ಕಚ್ಚಿಕೊಂಡು ಒಬ್ಬೊಬ್ಬರೇ ಹಿಂದಿರುಗತೊಡಗಿದರು. ಭರಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಮದುವ್ಯಾಗ ಗಂಡನ ಹೆಸರಾ ಒಡಪು ಕಟ್ಟಿ ಹೇಳೀರಿಲ್ಲೋ? ಇಲ್ಲೂ ಹಂಗ ಹೇಳ್ರಿ."

ಮೊದಲು ಮುಂದೆ ಹೋದವಳು ಶಿವಬಸವ್ವ, ಇಪ್ಪತ್ತೆರಡರ ಚೂಟಿ ಹೆಂಗಸು.

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ,
ದ್ಯಾಮಪ್ಪನೋರ ಹೆಸರ ಹೇಳ್ತೇನಿ ಚೀಟಿ ಹಾಕೂ ಕಾರಣಕ."

ಅಧಿಕಾರಿ ನಕ್ಕು ಚೀಟಿ ಕೊಟ್ಟ. ಆಮೇಲೆ ಒಡಪಿನ ಮೇಲೆ ಒಡಪು. ಸಂಜೆಯವರೆಗೂ ಅಲ್ಲಿ ಮದುವೆಮನೆಯ ಗದ್ದಲ. ಮೈಲಾರಲಿಂಗಪ್ಪ ಗೆದ್ದ, ಅದೂ ಬಹಳ ಸ್ವಲ್ಪ ಮತದಿಂದ.

ಕಟ್ಟಡವೇನೋ ಮರುವರ್ಷವೇ ಎದ್ದಿತು. ಹಾವೇರಿ ರಸ್ತೆಯ ಬದಿಗೆ ಎರಡು ಕೋಣೆ, ಮಂಗಳೂರು ಹೆಂಚು, ಬಾಗಿಲ ಮೇಲೆ ವಕೀಲರ ಹೆಸರು ಕೊರೆದ ಕಲ್ಲು. ನರ್ಸ್ ಮಾತ್ರ ಬರಲಿಲ್ಲ. ಒಂದು ವರ್ಷ ಮಂಜೂರಿ ಬಂದಿಲ್ಲ ಎಂದರು. ಮರುವರ್ಷ ಲಡಾಯಿ ಬಂತು. ಅದರ ಮೇಲೆ ಮುಂಬೈ ಮಂತ್ರಿಗಳೆಲ್ಲ ರಾಜೀನಾಮೆ ಕೊಟ್ಟರು. ನೆಪಕ್ಕೇನು ಬರಗಾಲವೇ? ಆ ಕೋಣೆಗಳಲ್ಲಿ ಏನಿತ್ತು ಗೊತ್ತೇ, ಕುರ್ಚಿ. ವಕೀಲರ ಸತ್ಕಾರ ಸಮಾರಂಭಗಳಿಗೆ ಬೇಕಾದ ನೂರು ಮಡಚುವ ಕುರ್ಚಿ, ಜಮಖಾನೆ, ಕಮಾನಿನ ಬಿದಿರು. ಕೀಲಿಕೈ ವಕೀಲರ ಮನೆಯ ಗೂಟದಲ್ಲಿ. ಹೆಂಗಸರು ಮಲಗಬೇಕಾದಲ್ಲಿ ಕುರ್ಚಿ ಮಲಗಿದ್ದವು. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

೧೯೪೧ರ ಮಳೆಗಾಲದಲ್ಲಿ ಶಿವಬಸವ್ವನ ಹೆರಿಗೆ ಕಟ್ಟಿತು. ಎರಡು ದಿನ ನೋಡಿ, ಮೂರನೆಯ ದಿನ ಬೆಳಗ್ಗೆ ದ್ಯಾಮಪ್ಪ ಚಕ್ಕಡಿ ಹೂಡಿದ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಭರಮವ್ವ ಕೂತಳು. ಚಕ್ಕಡಿ ಆ ಹೆಸರುಗಲ್ಲಿನ ಮುಂದೆಯೇ ಹಾದುಹೋಯಿತು. ಹೊಳೆ ಇನ್ನೂ ಒಂದು ಹರದಾರಿ ಇರುವಾಗ ಶಿವಬಸವ್ವ ತಣ್ಣಗಾದಳು. ದ್ಯಾಮಪ್ಪ ಎತ್ತುಗಳನ್ನು ತಿರುಗಿಸಿದ.

ಅವಳನ್ನು ಮಣ್ಣು ಮಾಡಿದ ಮೂರನೆಯ ದಿನ ಭರಮವ್ವ ವಕೀಲರ ಪಡಸಾಲೆಯಲ್ಲಿ ನಿಂತಿದ್ದಳು. "ನರ್ಸ್ ಎಲ್ಲಿ ಅದಾಳ್ರಿ?"

"ನಾ ಏನ್ ಮಾಡ್ಲಿ? ಅಲ್ಲಿ ಒಂದೂ ಹೆರಿಗಿ ಆಗಂಗಿಲ್ಲ, ನರ್ಸ್ ಯಾಕ ಬೇಕು ಅಂತ ಮ್ಯಾಲಿನವರು ಕೇಳ್ತಾರ."

"ನರ್ಸ್ ಇಲ್ಲದ ಯಾರು ಬರ್ತಾರ್ರಿ ಅಲ್ಲಿ? ಬಾಗಲಾ ತಗದ ಕೊಡ್ರಿ, ನಾನ ಮಾಡಸ್ತೇನಿ."

"ಸರಕಾರಿ ಕಟ್ಟಡ ಅದು. ಹಂಗ ಕೊಡಾಕ ಬರಂಗಿಲ್ಲವಾ," ಎಂದು ಅವನು ಪೇಪರು ಬಿಡಿಸಿದ. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಲವತ್ತೆರಡರ ಚಳವಳಿಯಲ್ಲಿ ಅವನು ಜೈಲಿಗೆ ಹೋದದ್ದು ನಿಜ, ಅಲ್ಲಿ ಹೊಡೆತ ತಿಂದದ್ದೂ ನಿಜ. ಅದನ್ನು ಭರಮವ್ವ ಯಾರ ಮುಂದೆಯೂ ಹಗುರ ಮಾಡಿ ಆಡಲಿಲ್ಲ. ಆದರೆ ಜೈಲಿಗೆ ಹೋಗುವಾಗಲೂ ಕೀಲಿಕೈ ಗೂಟದಲ್ಲೇ ಉಳಿಯಿತು. ನಲವತ್ತಾರರಲ್ಲಿ ಮತ್ತೆ ಗೆದ್ದ. ಅದೇ ವರ್ಷ ಸಂವಿಧಾನ ಬರೆಯುವ ದಿಲ್ಲಿಯ ದೊಡ್ಡ ಸಭೆಗೂ ಹೆಸರು ಬಂತು. ಊರೆಲ್ಲ ಕುಣಿಯಿತು. ಹೆರಿಗೆಮನೆಯ ಹಿಂದಿನ ಬಯಲಿನಲ್ಲಿ ಸತ್ಕಾರದ ಹಂದರ ಹಾಕಿದರು. ಈ ಸಲ ಒಂದೂ ಬಿಡದೆ ಕುರ್ಚಿ, ಜಮಖಾನೆ, ಬಿದಿರು ಎಲ್ಲ ಹಂದರಕ್ಕೆ ಹೋದವು. ಎಂಟು ವರ್ಷದಲ್ಲಿ ಆ ಎರಡು ಕೋಣೆ ಬರಿದಾಗಿ, ಬಾಗಿಲು ತೆರೆದುಕೊಂಡು ನಿಂತದ್ದು ಅದೇ ಮೊದಲು.

ಅಂದು ಬೆಳಗ್ಗೆ ಬಳೆಗಾರ ಹಸನಸಾಬನ ಹೆಂಡತಿ ಚಮನಬಿಗೆ ನೋವು ಸುರುವಾಗಿತ್ತು. ಭರಮವ್ವ ಹಸನಸಾಬನನ್ನು ಕರೆದು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. ಅವನು ಗಡ್ಡ ತಡವಿಕೊಂಡು, "ನಡಿಯವ್ವ, ಬರ್ತೇನಿ," ಎಂದು ಚಾಪೆ, ಕೌದಿ, ಹಂಡೆ ಹೊತ್ತ. ಚಮನಬಿ ಭರಮವ್ವನ ಹೆಗಲು ಹಿಡಿದು ನಡೆದೇ ಬಂದಳು. ಹಂದರದಲ್ಲಿ ವಕೀಲರ ತ್ಯಾಗದ ಬಣ್ಣನೆ ನಡೆದಿರುವಾಗ ಒಳಗೆ ಹೆಣ್ಣು ಕೂಸು ಹುಟ್ಟಿತು.

ಸಂಜೆ ಕುರ್ಚಿ ಹೊತ್ತು ತಂದವರು ಹೊಸ್ತಿಲಲ್ಲೇ ನಿಂತರು. ಸುದ್ದಿ ಹೋಗಿ, ಕೊರಳ ಮಾಲೆಯನ್ನೂ ತೆಗೆಯದೆ ಮೈಲಾರಲಿಂಗಪ್ಪನೇ ಬಂದ.

"ಏನಿದು ಭರಮವ್ವಾ? ಮಳಿ ಬರೂಹಂಗ ಐತಿ, ಕುರ್ಚಿ ಒಳಗ ಇಡಬೇಕು."

"ಬಾಣಂತಿ ಅದಾಳ್ರಿ."

"ಅಕಿನ್ನ ಮನಿಗೆ ಕರಕೊಂಡು ಹೋಗ್ರಿ."

"ನಮ್ಮಾಗ ಚಿಲ್ಲಾ ಅಂತ ಐತ್ರಿ, ಸಾಹೇಬ್ರ," ಎಂದ ಹಸನಸಾಬ ಮೆಲ್ಲಗೆ. "ನಲವತ್ತು ದಿನಾ ಬಾಣಂತಿ ಹಡದ ಮನಿ ಹೊಸ್ತಲಾ ದಾಟಂಗಿಲ್ಲ."

ಮೈಲಾರಲಿಂಗಪ್ಪ ಸುತ್ತ ನೆರೆದವರ ಮುಖ ನೋಡಿದ. ಮುದುಕಿಯರೆಲ್ಲ ತಲೆದೂಗುತ್ತಿದ್ದರು. ದಿಲ್ಲಿಗೆ ಹೋಗಿ ದೇಶಕ್ಕೆಲ್ಲ ಕಾಯ್ದೆ ಮಾಡಬಹುದು. ಹಸಿ ಬಾಣಂತಿಯನ್ನು ಎಬ್ಬಿಸಿ ಹೊರಹಾಕಿದವನಿಗೆ ಹಾನಗಲ್ಲಿನಲ್ಲಿ ನೀರು ಕೊಡುವವರೂ ಸಿಗಲಾರರು. "ಆತು, ನಲವತ್ತು ದಿನಾ," ಎಂದ. ಕುರ್ಚಿಗಳು ಬಯಲಲ್ಲಿ ನೆನೆದವು.

ಮೂವತ್ತೆಂಟನೆಯ ದಿನ ಇನ್ನೊಂದು ಕೋಣೆಯಲ್ಲಿ ದುಂಡಸಿಯಿಂದ ತವರಿಗೆ ಬಂದಿದ್ದ ವೀರವ್ವ ಹಡೆದಳು. ಅವಳ ಕೂಸಿನ ತೊಟ್ಟಿಲು ಕಟ್ಟುವುದರೊಳಗೆ ಬಾನುಬಿ ಬಂದಳು. ಒಬ್ಬ ಬಾಣಂತಿ ಹೊರಡುವ ಮೊದಲು ಇನ್ನೊಬ್ಬಳು ಒಳಗಿರುವ ಹಾಗೆ ಭರಮವ್ವ ನೋಡಿಕೊಂಡಳು. ಪ್ರತಿ ಹೆರಿಗೆಯನ್ನೂ ಮುನ್ಸಿಪಾಲ್ಟಿ ಕಾರಕೂನನ ಎದುರು ನಿಂತು ಬರೆಸಿದಳು. ಎಲ್ಲವೂ ಸಸೂತ್ರವಾಗಲಿಲ್ಲ; ಇಬ್ಬರನ್ನು ಹಾವೇರಿಗೆ ಒಯ್ಯಬೇಕಾಯಿತು, ಒಬ್ಬಳು ತಿರುಗಿ ಬರಲಿಲ್ಲ. ಅದನ್ನೂ ಬರೆಸಿದಳು. ಹೆರಿಗೆ ಆಗುವುದಿಲ್ಲ ಎನ್ನಲು ಈಗ ಮೇಲಿನವರಿಗೆ ಬಾಯಿ ಉಳಿಯಲಿಲ್ಲ.

ನಲವತ್ತೆಂಟರಲ್ಲಿ ನರ್ಸಬಾಯಿ ಬಂದಳು. ಉದ್ಘಾಟನೆಗೆ ದಿಲ್ಲಿಯಿಂದ ಮೈಲಾರಲಿಂಗಪ್ಪನೂ ಬಂದ. ಹೆರಿಗೆಮನೆಯ ಸಂಸ್ಥಾಪಕರು ಎಂದು ಹೊಗಳಿ ಮಾಲೆ ಹಾಕಿದರು. ಅವನು ನಾಚದೆ ಕೊರಳೊಡ್ಡಿದ. ಭರಮವ್ವನ ಹೆಸರನ್ನು ಯಾರೂ ಎತ್ತಲಿಲ್ಲ. ಫೋಟೋದವನು ತನ್ನ ಪೆಟ್ಟಿಗೆ ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ನರ್ಸಬಾಯಿ ಹೊಸ ಪುಸ್ತಕ ತೆರೆದು, ಇಲ್ಲಿಯವರೆಗಿನ ವಿವರ ಹೇಳಲು ಭರಮವ್ವನನ್ನು ಕರೆದಳು.

"ಹೆರಿಗೆ ಎಷ್ಟವ್ವ?"

"ಮೂವತ್ತೊಂದು."

"ತೀರಿಕೊಂಡವರು?"

"ಬಾಗಲಾ ತಗದ ಮ್ಯಾಲೆ ಒಬ್ಬಾಕಿ. ಕೀಲಿ ಹಾಕಿದ ಎಂಟ ವರ್ಷದಾಗ ಚಕ್ಕಡ್ಯಾಗ ಸತ್ತವರು ಹನ್ನೊಂದ ಮಂದಿ. ಅವರನ್ನ ಎಲ್ಲಿ ಬರೀತೀರಿ?"

ನರ್ಸಬಾಯಿ ಪುಟ ನೋಡಿದಳು. ಅಂಥದಕ್ಕೆ ಅಲ್ಲಿ ಜಾಗವಿರಲಿಲ್ಲ. ಭರಮವ್ವ ಕಾಯಲಿಲ್ಲ. "ಬರಕೋರಿ. ದ್ಯಾಮಪ್ಪನ ಹೇಣತಿ ಶಿವಬಸವ್ವ. ರಟ್ಟೀಹಳ್ಳಿಗೆ ಕೊಟ್ಟಿದ್ದ ಗಂಗವ್ವ. ಅಲ್ಲಾಭಕ್ಷನ ಸೊಸಿ ಮರಿಯಮಬಿ." ಒಂದೊಂದು ಹೆಸರಿಗೂ ಮಂದಿಯಲ್ಲಿ ಎಲ್ಲೋ ಒಬ್ಬರು ತಲೆ ತಗ್ಗಿಸುತ್ತಿದ್ದರು.

"ಸಾಕು ಬಿಡು ಭರಮವ್ವಾ," ಎಂದ ಮೈಲಾರಲಿಂಗಪ್ಪ, ಮಾಲೆ ಸರಿಮಾಡಿಕೊಳ್ಳುತ್ತ. "ಮಂದಿ ಕಾಯಾಕತ್ತಾರ."

"ಇವರೂ ಕಾದಿದ್ದರ್ರಿ," ಎಂದಳು ಭರಮವ್ವ. ನಾಲ್ಕನೆಯ ಹೆಸರು ಹೇಳಿದಳು. ನರ್ಸಬಾಯಿ ಪುಸ್ತಕದ ಮೊದಲ ಪುಟಕ್ಕೆ ತಿರುಗಿ ಬರೆದುಕೊಳ್ಳತೊಡಗಿದಳು.