ಖಾಲಿ ಡ್ರಮ್ಮಿನ ಪಾಠ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇಳಕಲ್ಲಿನ ಹೊರಗಿರುವ ಗ್ರಾನೈಟ್ ಪಾಲಿಶ್ ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾ ಮೇಲ್ವಿಚಾರಕ. ಬೆಂಕಿ ತಾಗದಂತೆ, ಏನೂ ಸಿಡಿಯದಂತೆ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ವೆಲ್ಡಿಂಗ್ ಆಗಲಿ, ಗ್ಯಾಸ್ ಕಟರ್ ಆಗಲಿ, ನನ್ನ ಸಹಿಯ ಚೀಟಿಯಿಲ್ಲದೆ ಅಲ್ಲಿ ಯಾರೂ ಕಿಡಿ ಹಾರಿಸುವಂತಿಲ್ಲ. ಆ ಅಧಿಕಾರ ನನ್ನ ತಲೆಗೇರಿತ್ತು.

ಕಲ್ಲಿನ ಬಿರುಕುಗಳಿಗೆ ಅಂಟು ತುಂಬುವ ಕೆಲಸಕ್ಕೆ ಪೆಟ್ರೋಲಿನಂತೆ ಬೇಗ ಹೊತ್ತಿಕೊಳ್ಳುವ ಥಿನ್ನರ್ ಬೇಕು. ಅದು ದೊಡ್ಡ ಕಬ್ಬಿಣದ ಡ್ರಮ್ಮುಗಳಲ್ಲಿ ಬರುತ್ತದೆ. ಖಾಲಿಯಾದವನ್ನು ನಾವು ಸರದಿಯಂತೆ ಮನೆಗೆ ಒಯ್ಯುತ್ತೇವೆ. ಮೇಲಿನ ಮುಚ್ಚಳ ಕೊಯ್ದು, ಉಜ್ಜಿ ತೊಳೆದರೆ ಬಳಸುವ ನೀರಿಗೊಂದು ಪೀಪಾಯಿ. ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಅದೂ ಒಂದು ಆಸ್ತಿಯೇ. ಕೊಯ್ದು ಕೊಡುತ್ತಿದ್ದವನು ನಮ್ಮ ವೆಲ್ಡರ್, ಕಮತಗಿಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಡ್ರಮ್ಮಿಗೆ ಕಂಠದವರೆಗೆ ನೀರು ತುಂಬದೆ ಅವನು ಕಟರ್ ಹೊತ್ತಿಸುತ್ತಿರಲಿಲ್ಲ. ಒಳಗೆ ಉಳಿದ ಆವಿಯೇ ಸಿಡಿಯುವುದೆಂದು ನನಗೆ ತಿಳಿಹೇಳಿದವನೂ ಅವನೇ. ನನ್ನ ಕೋರ್ಸಿನಲ್ಲೂ ಅದು ಒಂದು ಸಾಲಿನಲ್ಲಿತ್ತು. ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ.

ಆ ಬೇಸಿಗೆಯಲ್ಲಿ ಚೊಚ್ಚಲ ಬಸುರಿಯಾಗಿದ್ದ ನನ್ನ ಮಗಳ ಕುಬಸವಿತ್ತು. ಬಾದಾಮಿಯಿಂದ ಬೀಗರು ಬರುವವರಿದ್ದರು. ಪೀಪಾಯಿ ಇವತ್ತೇ ಬೇಕೆಂದು ಹೆಂಡತಿ ಬೆಳಿಗ್ಗೆಯಿಂದ ತಲೆ ತಿಂದಿದ್ದಳು. ಕಾರ್ಖಾನೆಯ ನೀರಿನ ತೊಟ್ಟಿ ನೋಡಿದರೆ ಬರಿದಾಗಿತ್ತು.

“ಖಾಲಿ ಡ್ರಮ್ ಭಾಳ ಕೆಟ್ಟದ್ದರಿ ಸಾಹೇಬ್ರ,” ಎಂದ ವೆಲ್ಡರ್. “ನಾಳೆ ಟ್ಯಾಂಕರ್ ಬರ್ತೈತಿ. ನೀರು ತುಂಬಿ ಕಡದು ಕೊಡ್ತೇನಿ.”

ಹತ್ತು ಜನರ ಎದುರು ನನಗೇ ಪಾಠ ಹೇಳುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು.

“ಕೈಯಾಗ ಬಳಿ ಹಾಕ್ಕೊಂಡೀ ಏನಲೇ? ಚೀಟಿಗೆ ಸಹಿ ಮಾಡಾಂವ ನಾನು. ಕಡಿ ಅಂದ್ರ ಕಡಿ.”

ಎಲ್ಲರೂ ನಕ್ಕರು. ಅವನು ಬಿರಡೆ ತೆಗೆದು, ಡ್ರಮ್ಮನ್ನು ಬೋರಲು ಹಾಕಿ ಅರ್ಧ ಗಂಟೆ ಬಿಸಿಲಿಗಿಟ್ಟ. ನನಗೆ ಅದೂ ನಾಟಕದಂತೆ ಕಂಡಿತು, ಕೈಗಡಿಯಾರ ತೋರಿಸಿದೆ. ಕೊನೆಗೆ ಎಲ್ಲರನ್ನೂ ದೂರ ಕಳಿಸಿದ, ನನ್ನನ್ನೂ ಕಳಿಸಿದ, ಒಬ್ಬನೇ ಮಂಡಿಯೂರಿ ಕಟರ್ ಹಚ್ಚಿದ.

ಡ್ರಮ್ಮು ಸಿಡಿದು, ಮುಚ್ಚಳ ಕಿತ್ತುಬಂದು ಅವನ ಮುಖಕ್ಕೆ ಬಡಿಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಎಡಗಣ್ಣು ತೆಗೆದರು. ಬಲಗಣ್ಣಿಗೆ ಬೆಳಕು ಕತ್ತಲೆಯ ಗುರುತಷ್ಟೇ ಉಳಿಯಿತು. ಅವನನ್ನು ಹೊತ್ತ ಗಾಡಿ ಗೇಟು ದಾಟುವ ಮೊದಲೇ ನಾನು ಆಫೀಸಿಗೆ ಓಡಿ ಸಹಿ ಮಾಡಿದ್ದ ಚೀಟಿಯನ್ನು ಹರಿದಿದ್ದೆ. ರಿಜಿಸ್ಟರಿನಲ್ಲಿ ‘ಅನುಮತಿಯಿಲ್ಲದೆ ಕತ್ತರಿಸಿದ’ ಎಂದು ಬರೆದೆ. ಅಕ್ಷರಗಳು ದುಂಡಗೆ ಬಂದವು. ನಕ್ಕಿದ್ದ ಹತ್ತು ಮಂದಿಯೂ ಬಾಯಿಗೆ ಬೀಗ ಹಾಕಿಕೊಂಡರು. ಕುಬಸದ ದಿನ ನಾನು ಎರಡು ಹೋಳಿಗೆ ಹೆಚ್ಚೇ ತಿಂದೆ.

ಈಗ ಮಾಲೀಕರು ಅವನನ್ನು ಗೇಟಿನ ಬಳಿ ಕೂರಿಸಿದ್ದಾರೆ. ಗಾಡಿಯ ಸದ್ದು ಕೇಳಿ ಸರಪಳಿ ಬಿಡುತ್ತಾನೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ತಿಂಗಳಿಗೊಮ್ಮೆ ಹೊಸಬರಿಗೆ ನನ್ನ ಸುರಕ್ಷತೆಯ ತರಗತಿ. ಮಾತು ಕೇಳದೆ ಖಾಲಿ ಡ್ರಮ್ ಕೊಯ್ದ ಹಟಮಾರಿಯೊಬ್ಬನ ಕತೆಯನ್ನು ತಪ್ಪದೆ ಹೇಳುತ್ತೇನೆ. ಹೆಸರು ಹೇಳುವುದಿಲ್ಲ, ಕೈ ಮಾತ್ರ ಗೇಟಿನತ್ತ ಹೋಗುತ್ತದೆ.

ಹೋದ ತಿಂಗಳು ಹುನಗುಂದದಿಂದ ಬಂದ ಹೊಸ ವೆಲ್ಡರನೊಬ್ಬ ಎದ್ದು, ಗೇಟಿನಲ್ಲಿ ಕೂತಿದ್ದ ಅವನನ್ನೇ ನೇರ ಕೇಳಿಬಿಟ್ಟ. ಇಷ್ಟು ವರ್ಷ ಕಟರ್ ಹಿಡಿದವರಿಗೆ ನೀರು ತುಂಬಬೇಕೆಂಬುದು ಗೊತ್ತಿರಲಿಲ್ಲವೇ ಎಂದ. ಗೇಟಿನ ಕೆಲಸ ಉಳಿಯುವುದೂ ಹೋಗುವುದೂ ನನ್ನ ವರದಿಯ ಮೇಲಿದೆ. ಅದು ಅವನಿಗೆ ಗೊತ್ತು. ನನ್ನ ದನಿ ಬರುತ್ತಿದ್ದ ಕಡೆಗೆ ಒಮ್ಮೆ ಮುಖ ತಿರುಗಿಸಿದ.

“ಗೊತ್ತಿದ್ದಿಲ್ಲಪಾ,” ಎಂದ. “ಸಾಹೇಬ್ರು ಬ್ಯಾಡಂದಿದ್ರು. ನಾನ ಕೇಳಲಿಲ್ಲ.”

ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು, ಅದೂ ಸ್ವಲ್ಪ ಹೊತ್ತು. ಹೊಸಬರು ಅವನ ಮಾತನ್ನು ತಮ್ಮ ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡರು. ಅವರು ಬರೆದು ಮುಗಿಸುವವರೆಗೆ ನಾನು ಕಾದೆ.