ಮೋಹನದಲ್ಲಿ ಇಲ್ಲದ ಮಧ್ಯಮ

ಸುಮಾ, ಆವತ್ತು ಪಿಟೀಲು ಮೇಷ್ಟ್ರ ಮನೆಯಲ್ಲಿ ಸುಳ್ಳು ಹೇಳಿದ್ದು ನೀನಲ್ಲ, ನಾನು — ನಿನ್ನ ಸ್ವಂತ ಅಕ್ಕ. ಹದಿನೇಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಪಿಯುಸಿಯಲ್ಲಿದ್ದಾಗ ನಾನು ಅಭ್ಯಾಸವನ್ನೇ ಮಾಡುತ್ತಿರಲಿಲ್ಲ. ಬೆಳಿಗ್ಗೆ ಐದೂವರೆಯಿಂದ ಒಂದು ಗಂಟೆ ನುಡಿಸಲೇಬೇಕೆಂದು ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು. ಕಟ್ಟಾಯದ ನಮ್ಮ ಮನೆಯಲ್ಲಿ ಅಪ್ಪ ಆ ಹೊತ್ತಿಗೆ ಹಾಲು ಕರೆಯುತ್ತ ಕಿವಿಗೊಟ್ಟು ಕೂತಿರುತ್ತಿದ್ದ. ನನಗೋ ನಿದ್ದೆ. ಮಾವ ಕೊಟ್ಟಿದ್ದ ಹಳೇ ಮೊಬೈಲಿನ ಸ್ಪೀಕರು ಕೇರಿಗೇ ಕೇಳುವಷ್ಟು ಜೋರಿತ್ತಲ್ಲ — ಅದರಲ್ಲಿ ಮೋಹನ ರಾಗದ ವರ್ಣವನ್ನು ಒಮ್ಮೆ ನುಡಿಸಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ದಿನಾ ಚಿಲಕ ಹಾಕಿ, ಅದನ್ನೇ ಮತ್ತೆ ಮತ್ತೆ ಹಾಡಲು ಬಿಟ್ಟು, ಕಂಬಳಿ ಹೊದ್ದು ಮಲಗುತ್ತಿದ್ದೆ. 'ನಮ್ಮುಡ್ಗಿ ಒಂದಿನಾನೂ ತಪ್ಸಲ್ಲ ಕಣ್ಲಾ' ಎಂದು ಅಪ್ಪ ಡೇರಿಯಲ್ಲಿ ಹೇಳಿಕೊಳ್ಳುತ್ತಿದ್ದ. ನನಗೆ ನಗು ಬರುತ್ತಿತ್ತು — ನಗು!

ಆ ರೆಕಾರ್ಡಿಂಗಿನಲ್ಲಿ ಎರಡು ಎಡವಟ್ಟು. ಮೋಹನದಲ್ಲಿ ಮಧ್ಯಮ ಸ್ವರವೇ ಇಲ್ಲ. ಒಂದು ಕಡೆ ನನ್ನ ಬೆರಳು ಜಾರಿ ಅದನ್ನು ಮುಟ್ಟಿತ್ತು. ಇನ್ನೊಂದು ಕಡೆ ತಂತಿಯ ಶ್ರುತಿ ಇಳಿದು, ನಿಲ್ಲಿಸಿ, ಮೂರು ಸಲ ಮೀಟಿ ಸರಿಮಾಡಿಕೊಂಡು ಮುಂದುವರಿಸಿದ್ದೆ. ಮತ್ತೆ ನುಡಿಸಲು ಸೋಮಾರಿತನ, ಹಾಗೇ ಬಿಟ್ಟೆ.

ನಿನಗಾಗ ಹನ್ನೊಂದು. ನೀನೂ ಅದೇ ಮೇಷ್ಟ್ರ ಹತ್ತಿರ, ಇನ್ನೂ ಮೊದಲ ಪಾಠಗಳಲ್ಲೇ ಇದ್ದೆ. ಹಾಸನದಲ್ಲಿ ಭಾನುವಾರದ ಪಾಠ; ಅಪ್ಪನೂ ಕೂತಿದ್ದ. ನೀನು ಇದ್ದಕ್ಕಿದ್ದಂತೆ, 'ಸಾ, ನಾನು ವರ್ಣ ನುಡುಸ್ಲಾ?' ಅಂದೆ. ಸರಳೆ, ಗೀತೆ ಎಲ್ಲ ಮುಗಿದ ಮೇಲಷ್ಟೇ ಬರುವ, ಯಾರೂ ನಿನಗೆ ಕಲಿಸದ ವರ್ಣ! ನುಡಿಸುತ್ತಾ ಹೋದೆ... ಆ ಮಧ್ಯಮ ಬಂತು. ನನ್ನದೇ ಜಾಗದಲ್ಲಿ. ಆಮೇಲೆ ನೀನು ಕಮಾನು ನಿಲ್ಲಿಸಿ, ಸರಿಯಾಗೇ ಇದ್ದ ತಂತಿಯನ್ನು ಮೂರು ಸಲ ಮೀಟಿ, ಮುಂದುವರಿಸಿದೆ. ಬಾಗಿಲಾಚೆ ನೀನು ದಿನಾ ಕೂತು ಕೇಳುತ್ತಿದ್ದೆ ಅಂತ — ಆ ಎಡವಟ್ಟುಗಳನ್ನೂ ವರ್ಣದ ಭಾಗ ಅಂತಲೇ ಕಲಿತಿದ್ದೆ ಅಂತ — ನನಗೇನು ಗೊತ್ತು?

'ಯಾರಮ್ಮ ಹೇಳ್ಕೊಟ್ಟಿದ್ದು ಇದನ್ನ?' ಅಂದರು ಮೇಷ್ಟ್ರು.

'ಅಕ್ಕ ದಿನಾ ಇಂಗೇ ನುಡುಸ್ತಾಳೆ ಸಾ. ಇಲ್ಲಿಗ್ ಬಂದಾಗ ಮೂರ್ ಸಲ ಮೀಟ್ತಾಳೆ.'

ಮೇಷ್ಟ್ರು ನನ್ನ ಕಡೆ ತಿರುಗಿದರು. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಅವರಿಗೆ ಎಲ್ಲ ತಿಳಿದುಬಿಡುತ್ತಿತ್ತು.

'ಸುಳ್ಳೇಳ್ತಾವಳೆ ಸಾ. ಇವಳ್ಗೆ ಸಂಗೀತದ್ ಕಿವೀನೇ ಇಲ್ಲ,' ಅಂದುಬಿಟ್ಟೆ. ಪಿಟೀಲು ಎತ್ತಿಕೊಂಡು ನುಡಿಸಿಯೂ ತೋರಿಸಿದೆ — ಹೆದರಿಕೆಗೇ ಇರಬೇಕು, ಬೆರಳು ಜಾರಲಿಲ್ಲ. ನೀನು ನನ್ನ ಕೈಯನ್ನೇ ನೋಡುತ್ತಿದ್ದೆ.

ಬಸ್ಸಿನಲ್ಲಿ ಅಪ್ಪ ನಿನಗೆ ಬೈಯಲಿಲ್ಲ. 'ಬುಡವ್ವಾ, ನಿಂಗ್ ಬ್ಯಾಡ ಇದು' ಅಂದ, ಅಷ್ಟೇ. ಮರುವಾರದಿಂದ ನೀನು ಪಾಠಕ್ಕೆ ಬರಲಿಲ್ಲ. ನಾನು ಮುಂದೆ ಅದನ್ನೇ ಕಲಿತು ಸಂಗೀತದ ಟೀಚರಾದೆ.

ಹೋದ ವಾರ ಬಾಗೂರಿನಿಂದ ನಿನ್ನ ಫೋನು. 'ಅಕ್ಕ, ನನ್ ಮಗ್ಳಿಗೆ ಪಿಟೀಲು ಏಳ್ಕೊಡೆ. ನಂಗಂತೂ ಕಿವಿ ಇರ್ಲಿಲ್ಲ, ಅವಳೂ ನನ್ನಂಗೇ ಆಯ್ತಾಳೇನೋ ಅಂತ ಭಯ.'

ಅಂದರೆ — ಆವತ್ತಿನ ನನ್ನ ಮಾತನ್ನು ನೀನು ನಂಬಿಬಿಟ್ಟಿದ್ದೀಯ! ಇಷ್ಟು ವರ್ಷ ನನ್ನ ಮೇಲೆ ಕೋಪ ಇಟ್ಟುಕೊಂಡಿರುತ್ತೀಯ ಅಂದುಕೊಂಡಿದ್ದೆ. ನಂಬಿರುತ್ತೀಯ ಅಂತ ಒಂದು ದಿನವೂ ಹೊಳೆದಿರಲಿಲ್ಲ. ಮುಚ್ಚಿದ ಬಾಗಿಲಾಚೆ ಕೂತು ಒಂದಿಡೀ ವರ್ಣ ಕಲಿತವಳು ನೀನು. ಅಂಥ ಕಿವಿ ನನಗೆ ಇವತ್ತಿಗೂ ಇಲ್ಲ.

ಈ ಭಾನುವಾರ ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ. ಅವನ ಎದುರಿಗೆ ಹೇಳಿದ ಸುಳ್ಳು, ಅವನ ಎದುರಿಗೇ ಒಪ್ಪಿಕೊಳ್ಳಬೇಕು. ನಿನ್ನ ಮಗಳಿಗೆ ಪಾಠ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಎಲ್ಲ ಕೇಳಿದ ಮೇಲೆ ನೀನೇ ಹೇಳು.