ಚಿಪ್ಪಿನೆಣ್ಣೆ ಮತ್ತು ಬಿಳಿ ಇಲಿಗಳು

ಶೆಟ್ಟಿಕೆರೆಯ ನಮ್ಮ ದೊಡ್ಡಮ್ಮ ತೆಂಗಿನ ಚಿಪ್ಪನ್ನು ಮಡಕೆಯಲ್ಲಿ ಸುಟ್ಟು ಇಳಿಸುತ್ತಿದ್ದ ಕಪ್ಪು ಎಣ್ಣೆಗೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಹುಳುಕಡ್ಡಿ ಎದ್ದ ಕರುಗಳಿಗೂ ಮನುಷ್ಯರಿಗೂ ಅದೇ ಔಷಧಿ. ಹಚ್ಚಿದರೆ ಉರಿಯುತ್ತಿತ್ತು. ಉರಿದರೇ ಹುಳ ಸಾಯುವುದು ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ನನ್ನ ಮೊಣಕೈಗೂ ಹಚ್ಚಿದ್ದರು, ವಾಸಿಯಾಗಿತ್ತು.

ಪಶುವೈದ್ಯಕೀಯ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಓದುವಾಗ ಸಂಶೋಧನೆಗೆ ನಾನು ಈ ಎಣ್ಣೆಯನ್ನೇ ಆರಿಸಿಕೊಂಡೆ. ನಮ್ಮ ಗೈಡ್ ಒಪ್ಪಿದರು. ಆದರೆ ಕರುಗಳಿಗೆ ಹಚ್ಚುವ ಮೊದಲು ಅದು ಚರ್ಮ ಸುಡುತ್ತದೆಯೇ ಎಂದು ಇಲಿಗಳ ಮೇಲೆ ನೋಡಬೇಕು ಎಂದರು. ಪ್ರಾಣಿಪ್ರಯೋಗದ ಸಮಿತಿಯ ಅನುಮತಿಗೆ ಕಾಯುವಾಗ ಊರಿಗೆ ಹೋಗಿ ಒಂದು ಬಾಟಲಿ ಎಣ್ಣೆ ತಂದೆ. ಕಾಲೇಜಿನಲ್ಲಿ ಪರೀಕ್ಷೆ ಮಾಡುತ್ತೇವೆ ಎಂದಾಗ ದೊಡ್ಡಮ್ಮನಿಗೆ ಹೆಮ್ಮೆಯಾಯಿತು. ಯಾವುದರ ಮೇಲೆ ಎಂದು ಅವರು ಕೇಳಲಿಲ್ಲ.

ನಮ್ಮ ಕಡೆ ಇಲಿ ಎಂದರೆ ಮರ ಹತ್ತಿ ಎಳೆಗಾಯಿ ಕೊರೆಯುವ, ಅಟ್ಟದ ಕೊಬ್ಬರಿಗೆ ಬಾಯಿ ಹಾಕುವ ಪ್ರಾಣಿ. ಬೋನಿಗೆ ಬಿದ್ದದ್ದನ್ನು ಕೊಲ್ಲಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಪ್ರಯೋಗಾಲಯದ ಬಿಳಿ ಇಲಿಗಳಿಗೆ ಭತ್ತದ ಹೊಟ್ಟಿನ ಹಾಸು, ಹೊತ್ತಿಗೆ ಸರಿಯಾಗಿ ಆಹಾರ. ಕೈಗೆ ಒಗ್ಗಲಿ ಎಂದು ದಿನವೂ ಅವನ್ನು ಎತ್ತಿಕೊಳ್ಳುತ್ತಿದ್ದೆ. ಸ್ವಲ್ಪ ದಿನಕ್ಕೆ ಹೆದರಿಕೆ ಬಿಟ್ಟವು. ಒಂದಂತೂ ನನ್ನ ಕೋಟಿನ ತೋಳೊಳಗೆ ನುಗ್ಗಿ ಬೆಚ್ಚಗೆ ಕೂರುತ್ತಿತ್ತು.

ಅನುಮತಿ ಬಂದ ಮೇಲೆ ಅವುಗಳ ಬೆನ್ನಿನ ಕೂದಲು ಬೋಳಿಸಿ ಎಣ್ಣೆ ಹಚ್ಚಿದೆ. ಮಾರನೆಯ ದಿನ ನೋಡಿದರೆ ಚರ್ಮ ಕೆಂಪಾಗಿ ಊದಿತ್ತು, ಕೆಲವಕ್ಕೆ ಸುಲಿದಿತ್ತು. ಗೈಡ್ ಬಂದು ನೋಡಿ ಅಲ್ಲಿಗೇ ನಿಲ್ಲಿಸಿ ಎಂದರು. ಒಳಚರ್ಮ ಎಷ್ಟು ಸುಟ್ಟಿದೆ ಎಂದು ತಿಳಿಯಲು, ನಿಯಮದಂತೆ ಅರಿವಳಿಕೆ ಕೊಟ್ಟು ಅವನ್ನು ಕೊಂದೆವು. ಆ ಕೆಲಸ ನಾನೇ ಮಾಡಿದೆ. ತೋಳಿಗೆ ನುಗ್ಗುತ್ತಿದ್ದ ಇಲಿಯೂ ಅವುಗಳಲ್ಲಿತ್ತು.

ಮುಂದಿನ ಸಲ ಊರಿಗೆ ಹೋದಾಗ ದೊಡ್ಡಮ್ಮ ಜಗಲಿಯಲ್ಲಿ ಕೂತು ಕೊಬ್ಬರಿಗೆ ಅಂಟಿದ್ದ ಚಿಪ್ಪಿನ ಚೂರು ತೆಗೆಯುತ್ತಿದ್ದರು. ಎಣ್ಣೆ ಏನಾಯಿತೆಂದು ಕೇಳಿದರು. ಎಲ್ಲವನ್ನೂ ಹೇಳಿದೆ.

“ಆ ಇಲಿಗಳ್ಗೆ ಹುಳುಕಡ್ಡಿ ಇತ್ತಾ?”

ಇರಲಿಲ್ಲ ಎಂದೆ.

“ಏನೂ ಆಗ್ದೇ ಇರೋವುಕ್ಕೆ ಯಾಕವ್ವ ಹಚ್ಚುದ್ರಿ?”

“ಕರೂಗೋ ಮಗೂಗೋ ಹಚ್ಚಿ ಸುಟ್ಟೋದ್ರೆ ಅಂತ, ದೊಡ್ಡಮ್ಮ.”

ಅವರು ಕೈಯಲ್ಲಿದ್ದ ಕೊಬ್ಬರಿಯನ್ನು ಚೀಲಕ್ಕೆ ಹಾಕಿ ಒಳಗೆ ಹೋದರು. ನನ್ನ ಮೇಲೆ ಸಿಟ್ಟಾದರು ಅಂದುಕೊಂಡೆ. ಊಟಕ್ಕೆ ಕೂತಾಗ ತಾವಾಗಿಯೇ ಹೇಳಿದರು. ಹಿಂದಿನ ವರ್ಷ ಪಕ್ಕದ ಮನೆಯ ಕೂಸಿನ ತಲೆಗೆ ಇದೇ ಎಣ್ಣೆ ಹಚ್ಚಿದ್ದರಂತೆ.

“ರಾತ್ರಿಯೆಲ್ಲ ಅಳ್ತು ಕಣೇ. ಹುಳ ಸಾಯ್ತದೆ ಬುಡು ಅಂದಿದ್ದೆ.”

ಕೂಸು ಈಗ ಚೆನ್ನಾಗಿದೆಯಲ್ಲ ಎಂದೆ. ಹೌದೆಂದು ತಲೆಯಾಡಿಸಿದರು, ಆದರೆ ತಟ್ಟೆಯಲ್ಲಿದ್ದ ಮುದ್ದೆ ಮುಗಿಸಲಿಲ್ಲ.

ಚಿಪ್ಪಿನೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ತೆಳುವಾಗಿಸಿ ಮತ್ತೆ ನೋಡೋಣ ಎಂದು ಗೈಡ್ ಹೇಳಿದ್ದರು. ಅದಕ್ಕೆ ಬೇರೆ ಇಲಿಗಳು ಬೇಕಿದ್ದವು, ದೊಡ್ಡಮ್ಮನಿಂದ ಇನ್ನಷ್ಟು ಎಣ್ಣೆಯೂ ಬೇಕಿತ್ತು. ಹೊರಡುವಾಗ ಕೇಳಿದೆ. ಅವನ್ನೂ ಸಾಯಿಸುತ್ತೀರಾ ಎಂದರು. ಹೂಂ ಎಂದೆ. ಅವರು ಒಳಗೆ ಹೋಗಿ ಬಾಟಲಿ ತಂದು ನನ್ನ ಬ್ಯಾಗಿಗೆ ಇಟ್ಟರು.

ತೆಳುವಾಗಿಸಿದ ಎಣ್ಣೆ ಇಲಿಗಳ ಚರ್ಮವನ್ನು ಸುಡಲಿಲ್ಲ. ಆಮೇಲೆ ಕರುಗಳಿಗೆ ಹಚ್ಚಿದೆವು. ಹೆಚ್ಚಿನವು ವಾಸಿಯಾದವು, ಆದರೆ ಅಂಗಡಿಯ ಮುಲಾಮು ಹಚ್ಚಿದ ಕರುಗಳು ಅವಕ್ಕಿಂತ ಬೇಗ ಚೇತರಿಸಿಕೊಂಡವು. ಇದ್ದದ್ದನ್ನು ಇದ್ದ ಹಾಗೆ ಬರೆದು ಪದವಿ ಪಡೆದೆ. ದೊಡ್ಡಮ್ಮ ಈಗ ಕೊಬ್ಬರಿ ಎಣ್ಣೆ ಬೆರೆಸದೆ ಯಾರಿಗೂ ಕೊಡುವುದಿಲ್ಲ, ಮಕ್ಕಳನ್ನು ಕರೆತಂದವರನ್ನು ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಗೆ ಕಳಿಸುತ್ತಾರೆ.

ನಾನು ತುರುವೇಕೆರೆ ಕಡೆ ಪಶುವೈದ್ಯೆಯಾಗಿದ್ದೇನೆ. ಹುಳುಕಡ್ಡಿಯ ಕರು ಬಂದರೆ ಮೊದಲು ಚರ್ಮ ಸುಟ್ಟಿದೆಯೇ ಎಂದು ನೋಡಿ, ಮನೆಯಲ್ಲಿ ಏನಾದರೂ ಹಚ್ಚಿದ್ದೀರಾ ಎಂದು ಕೇಳಿಯೇ ಮುಲಾಮು ಬರೆದುಕೊಡುತ್ತೇನೆ.